ಮನೆ ಕಾಯುವ ನಾಯಿಗೆ ಮೊದಲು ಮೌನ ಕಲಿಸಿ

ಬೊಗಳುವುದನ್ನು ಯಾವ ನಾಯಿಗೂ ಹೇಳಿಕೊಡಬೇಕಿಲ್ಲ. ಆರೆಂಟು ತಿಂಗಳು ತುಂಬುವ ಹೊತ್ತಿಗೆ ಗೇಟಿನ ಸದ್ದಿಗೆ ಅದೇ ಎದ್ದು ನಿಲ್ಲುತ್ತದೆ. ಬೊಗಳಿದ ಮೇಲೆ ಏನು ಮಾಡಬೇಕು ಅನ್ನುವುದನ್ನು ಕಲಿಸಬೇಕು: ನಿಲ್ಲಿಸುವುದು, ಕರೆದರೆ ಬರುವುದು, ತನ್ನ ಜಾಗದಲ್ಲಿ ಕೂರುವುದು, ಪರರು ಎಸೆದ ತಿನಿಸನ್ನು ಮುಟ್ಟದಿರುವುದು. ಇವು ನಾಲ್ಕು ಗಟ್ಟಿಯಾದರೆ ಮನೆಗೆ ಕಾವಲು ಬಂದ ಹಾಗೆಯೇ. ಮನೆಯ ನಾಯಿಗೆ ಕಚ್ಚುವ ತರಬೇತಿಯನ್ನು ನಾನು ಕೊಡುವುದಿಲ್ಲ. ಅದಕ್ಕೆ ದಪ್ಪ ತೋಳುಕವಚ ಹಾಕಿಕೊಂಡು ನಿಲ್ಲುವ ಅನುಭವಿ ಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು. ಅರ್ಧಕ್ಕೆ ನಿಂತ ಆ ತರಬೇತಿಗೆ ಸಿಗುವುದು ಕಳ್ಳನಲ್ಲ, ಹಾಲು ತರುವ ಹುಡುಗ.

ತಳಿಯ ಬಗ್ಗೆ ಎರಡು ಮಾತು. ತೋಟದ ಮನೆಗಾಗಲಿ ಊರೊಳಗಿನ ಮನೆಗಾಗಲಿ ನಾಟಿ ನಾಯಿಯೇ ನನ್ನ ಮೊದಲ ಆಯ್ಕೆ. ಕಿವಿ ಚುರುಕು, ನಮ್ಮ ಬಿಸಿಲಿಗೆ ಒಗ್ಗಿದ ಮೈ, ಖರ್ಚು ಕಡಿಮೆ. ಮುಧೋಳ ನಾಯಿ ಬೇಕೆನ್ನುವವರಿಗೆ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ಓಡುವುದೇನು ಕಂಡರೂ ಬೆನ್ನಟ್ಟುತ್ತದೆ, ನಾಲ್ಕಡಿ ಕಾಂಪೌಂಡು ಅದಕ್ಕೆ ಒಂದು ನೆಗೆತ. ದಿನಾ ಓಡಿಸಲು ಬಯಲಿಲ್ಲದವರು ಅದನ್ನು ತರಬಾರದು.

ಮರಿಯನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ. ಅಲ್ಲಿಂದ ಹದಿನಾಲ್ಕನೆಯ ವಾರದವರೆಗಿನ ದಿನಗಳು ಮತ್ತೆ ಸಿಗುವುದಿಲ್ಲ. ಈ ಅವಧಿಯಲ್ಲಿ ಏನೇನು ಕಂಡಿರುತ್ತದೋ ಅದು ಮರಿಗೆ ಮಾಮೂಲು, ಕಾಣದೆ ಹೋದದ್ದು ಮುಂದೆ ಭಯ. ಹೆಲ್ಮೆಟ್ ಹಾಕಿದವರು, ಕೊಡೆ ಬಿಚ್ಚುವವರು, ಕೋಲೂರಿ ನಡೆಯುವ ಅಜ್ಜ, ಸಿಲಿಂಡರ್ ಉರುಳಿಸುವ ಸದ್ದು, ಅಳುವ ಮಗು, ಪ್ರೆಷರ್ ಕುಕ್ಕರಿನ ಕೂಗು, ಎಲ್ಲವನ್ನೂ ದೂರದಿಂದ ತೋರಿಸಿ, ಪ್ರತಿ ಸಲ ಒಂದು ಚೂರು ತಿನಿಸು ಕೊಡಬೇಕು. ಲಸಿಕೆಯ ಸರಣಿ ಮುಗಿಯದ ಮರಿಯನ್ನು ಬೀದಿಯ ನೆಲಕ್ಕೆ ಬಿಡಬಾರದು, ಪಾರ್ವೋ ಅನ್ನುವ ವೈರಸ್ ರೋಗ ಹಿಡಿದರೆ ಉಳಿಸುವುದು ಕಷ್ಟ. ಕಂಕುಳಲ್ಲಿ ಎತ್ತಿಕೊಂಡೇ ತಿರುಗಾಡಿಸಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷ ವರ್ಷ.

‘ಜನರ ಅಭ್ಯಾಸವಾದರೆ ಕಾವಲು ಕಾಯೋದಿಲ್ಲ’ ಅಂತ ಮರಿಯನ್ನು ಕೂಡಿಹಾಕುವವರಿದ್ದಾರೆ. ನಡೆಯುವುದು ಇದರ ತಿರುವುಮುರುವು. ಮಾಮೂಲು ಏನೆಂದು ಗೊತ್ತಿರುವ ನಾಯಿ ಮಾತ್ರ ಮಾಮೂಲಲ್ಲದ್ದನ್ನು ಗುರುತಿಸುತ್ತದೆ. ಎಲ್ಲಕ್ಕೂ ಹೆದರುವ ನಾಯಿ ಎಲ್ಲಕ್ಕೂ ಬೊಗಳುತ್ತದೆ, ಹದಿನೈದು ದಿನದಲ್ಲಿ ಮನೆಯವರು ಆ ಬೊಗಳಿಗೆ ಕಿವಿಗೊಡುವುದನ್ನೇ ಬಿಡುತ್ತಾರೆ. ಹಸಿ ಮಾಂಸ, ಮೆಣಸಿನಕಾಯಿ ತಿನ್ನಿಸಿದರೆ ಜೋರಾಗುತ್ತದೆ ಅನ್ನುವುದು ಶುದ್ಧ ಸುಳ್ಳು. ಹೊಟ್ಟೆ ಕೆಡುತ್ತದೆ, ಅಷ್ಟೇ. ಕೋಲಿನಿಂದ ಕೆಣಕುವುದು ಅದಕ್ಕಿಂತ ಕೆಟ್ಟದ್ದು: ನಾಯಿ ಹೆದರಿ ಕಚ್ಚುವುದನ್ನು ಕಲಿಯುತ್ತದೆ, ಹೆದರಿ ಕಚ್ಚುವ ನಾಯಿಗೆ ಮನೆಯವರು ಹೊರಗಿನವರು ಅನ್ನುವ ಭೇದವಿಲ್ಲ.

ಇನ್ನು ಆಜ್ಞೆಯ ಪದಗಳು. ‘ಬಾ’ ಅನ್ನುವುದನ್ನು ನಾನು ಬಳಸುವುದಿಲ್ಲ. ‘ಊಟಕ್ಕೆ ಬಾ’, ‘ಇಲ್ಲಿ ಬಾ’ ಅಂತ ಮನೆಯಲ್ಲಿ ದಿನಕ್ಕೆ ನೂರು ಸಲ ಕೇಳಿಸುವ ಪದ ನಾಯಿಗೆ ಬರೀ ಗದ್ದಲವಾಗುತ್ತದೆ. ‘ಸಾಕು’ ಕೂಡ ಹಾಗೆಯೇ, ಬಡಿಸುವಾಗಲೆಲ್ಲ ಬರುತ್ತದೆ. ಹಾಗಾಗಿ ಕರೆಯಲು ‘ಹತ್ರ’, ಬೊಗಳು ನಿಲ್ಲಿಸಲು ‘ಮೌನ’, ಚಾಪೆಗೆ ಹೋಗಲು ‘ಜಾಗ’, ತಿನಿಸು ಬಿಡಲು ‘ಬಿಡು’. ಈ ಪದಗಳನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅಜ್ಜಿಯಿಂದ ಮಕ್ಕಳವರೆಗೆ ಎಲ್ಲರೂ ಅವನ್ನೇ ಹೇಳಬೇಕು. ಒಬ್ಬರು ‘ಮೌನ’, ಇನ್ನೊಬ್ಬರು ‘ಸುಮ್ನಿರೋ’ ಅಂದರೆ ನಾಯಿ ಎರಡನ್ನೂ ಕಲಿಯುವುದಿಲ್ಲ.

ಮೌನ ಕಲಿಸಲು ಬೇಕಾದದ್ದು ಬೇಯಿಸಿದ ಕೋಳಿ ಅಥವಾ ಲಿವರ್, ಕಡಲೆಕಾಳಿನಷ್ಟು ಚಿಕ್ಕ ಚೂರುಗಳು, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ. ಗೇಟಿನಲ್ಲಿ ಗೊತ್ತಿರುವವರೊಬ್ಬರನ್ನು ನಿಲ್ಲಿಸಿ ತಟ್ಟಿಸಿ. ನಾಯಿ ಮೂರು ನಾಲ್ಕು ಸಲ ಬೊಗಳಲಿ. ನಡೆದುಕೊಂಡು ಹೋಗಿ, ಗೇಟಿನತ್ತ ನೀವೂ ನೋಡಿ, ಸಾಮಾನ್ಯ ದನಿಯಲ್ಲಿ ಒಮ್ಮೆ ‘ಮೌನ’ ಅಂದು ಚೂರನ್ನು ಮೂಗಿನ ಮುಂದೆ ಹಿಡಿಯಿರಿ. ಮೂಸುತ್ತಾ ಬೊಗಳಲು ನಾಯಿಗೆ ಆಗುವುದಿಲ್ಲ. ಬಾಯಿ ಮುಚ್ಚಿದ ಮೇಲೆ ಎರಡು ಎಣಿಸಿ ಕೊಡಿ. ನಾಲ್ಕೈದು ದಿನದ ಮೇಲೆ ಐದು ಎಣಿಕೆ, ಆಮೇಲೆ ಹತ್ತು, ಇಪ್ಪತ್ತು. ಒಂದು ಪಾಠ ಐದು ನಿಮಿಷ ಮೀರಬಾರದು, ದಿನಕ್ಕೆ ಮೂರು ಪಾಠ ಸಾಕು.

ಇಲ್ಲಿ ಕೆಡುವುದು ಎರಡು ಕಡೆ. ಒಳಗಿನಿಂದ ಕಿರುಚುವುದು ಮೊದಲನೆಯದು: ಯಜಮಾನರೂ ಜೊತೆಗೆ ಬೊಗಳುತ್ತಿದ್ದಾರೆ ಅಂದುಕೊಂಡು ನಾಯಿ ಇನ್ನೂ ಜೋರು ಮಾಡುತ್ತದೆ. ಎರಡನೆಯದು ಸೂಕ್ಷ್ಮ. ಬೊಗಳಿ ಸುಮ್ಮನಾದರೆ ಲಿವರ್ ಸಿಗುತ್ತದೆ ಅಂತ ಜಾಣ ನಾಯಿ ಒಂದು ವಾರದಲ್ಲೇ ಕಂಡುಕೊಂಡು, ಯಾರಿಲ್ಲದಿದ್ದರೂ ಬೊಗಳಿ ನಿಮ್ಮ ಮುಖ ನೋಡುತ್ತದೆ. ಆಗ ಎಣಿಕೆಯನ್ನು ಉದ್ದ ಮಾಡಿ, ಬೊಗಳದೆ ಬರೀ ಕಿವಿ ನಿಮಿರಿಸಿ ನೋಡಿದ ಗಳಿಗೆಗಳಿಗೆ ಹೆಚ್ಚು ಕೊಡಬೇಕು.

‘ಜಾಗ’ಕ್ಕೆ ಮಡಿಚಿದ ಗೋಣಿಚೀಲ ಚೆನ್ನ. ಬಾಗಿಲಿಂದ ಎಂಟು ಹತ್ತು ಅಡಿ ಒಳಗೆ, ಬಂದವರು ನಾಯಿಗೂ ನಾಯಿ ಬಂದವರಿಗೂ ಕಾಣುವಂತೆ ಹಾಕಿ. ಚೀಲದ ಮೇಲೆ ನಾಲ್ಕೂ ಕಾಲು ಬಿದ್ದಾಗ ಮಾತ್ರ ತಿನಿಸು. ನಂತರ ನೀವು ಬಾಗಿಲ ಚಿಲಕ ಮುಟ್ಟಿ, ಆಮೇಲೆ ಬಾಗಿಲು ತೆರೆದು, ಕೊನೆಗೆ ಒಬ್ಬರನ್ನು ಒಳಗೆ ಕರೆದು ಅಭ್ಯಾಸ ಮಾಡಿಸಿ. ನಾಯಿ ಎದ್ದರೆ ಗದರಬೇಡಿ, ಅಭ್ಯಾಸದ ಹಿಂದಿನ ಹಂತಕ್ಕೆ ಮರಳಿ. ಬಾಗಿಲು ತೆರೆದಾಗ ಸದ್ದಿಲ್ಲದೆ ತನ್ನನ್ನೇ ನೋಡುತ್ತಾ ಕೂತ ನಾಯಿ ಕಂಡರೆ ದುರುದ್ದೇಶದವನ ಕಾಲು ಹೊಸ್ತಿಲು ದಾಟಲು ಹಿಂಜರಿಯುತ್ತದೆ.

ಮಿಕ್ಕ ಮೂರಕ್ಕಿಂತ ಹೆಚ್ಚು ಹೊತ್ತು ಬೇಡುವುದು ‘ಬಿಡು’. ಕಳ್ಳರು ನಾಯಿಯೊಡನೆ ಹೋರಾಡುವುದಿಲ್ಲ, ವಿಷ ಹಚ್ಚಿದ ಮಾಂಸದ ತುಂಡನ್ನೋ ಬನ್ನನ್ನೋ ಗೋಡೆಯಾಚೆಯಿಂದ ಎಸೆಯುತ್ತಾರೆ. ಮಲೆನಾಡಿನ ಕಡೆ ಹಂದಿಗೆ ಇಟ್ಟ ಸಿಡಿಮದ್ದಿನ ಉಂಡೆ ಕಚ್ಚಿ ಸಾಯುವ ನಾಯಿಗಳೂ ಇವೆ. ಆದ್ದರಿಂದ ಈ ಪಾಠಕ್ಕೆ ಮೂರು ತಿಂಗಳು ಇಡುತ್ತೇನೆ.

ಮೊದಲು ಮುಷ್ಟಿಯಲ್ಲಿ ಬಿಸ್ಕತ್ತು. ನಾಯಿ ನೆಕ್ಕಲಿ, ಕೆರೆಯಲಿ, ಮೂತಿ ಹಿಂದೆ ತೆಗೆದ ಗಳಿಗೆಗೆ ಇನ್ನೊಂದು ಕೈಯಿಂದ ಲಿವರ್ ಕೊಡಿ. ಆಮೇಲೆ ಬಿಸ್ಕತ್ತು ನೆಲಕ್ಕೆ. ಇದರಾಚೆಗೆ ನನ್ನ ಮುಖ್ಯ ಸಲಕರಣೆ ಅಡಿಗೆಮನೆಯ ತೂತಿನ ಸ್ಟೀಲ್ ಜಾಲರಿ ಬಟ್ಟಲು. ಮಾಂಸದ ತುಂಡಿನ ಮೇಲೆ ಅದನ್ನು ಬೋರಲು ಹಾಕಿ, ಮೇಲೊಂದು ಇಟ್ಟಿಗೆ ಇಟ್ಟು, ನಾಯಿಯನ್ನು ಹಗ್ಗದಲ್ಲಿ ಹಿಡಿದು ಪಕ್ಕದಲ್ಲೇ ನಡೆಸಿ. ವಾಸನೆ ಪೂರ್ತಿ ಬರುತ್ತದೆ, ಬಾಯಿಗೆ ಒಂದು ಎಳೆಯೂ ಸಿಗುವುದಿಲ್ಲ. ಇದೇ ಈ ಪಾಠದ ಜೀವ. ಒಂದೇ ಒಂದು ಸಲ ತುಂಡು ಬಾಯಿಗೆ ಸಿಕ್ಕಿದರೆ ಎರಡು ವಾರದ ಕೆಲಸ ನೀರಿಗೆ ಹೋಯಿತು. ನಾಯಿ ಬಟ್ಟಲು ಬಿಟ್ಟು ನಿಮ್ಮ ಮುಖ ನೋಡಿದ ತಕ್ಷಣ ಅದಕ್ಕಿಂತ ರುಚಿಯಾದದ್ದು ನಿಮ್ಮ ಕೈಯಿಂದ. ಎರಡನೆಯ ತಿಂಗಳು ಬೇರೆಯವರ ಕೈಯಿಂದ ನೀಡಿಸಿ, ಮೂರನೆಯ ತಿಂಗಳು ಗೋಡೆಯಾಚೆಯಿಂದ ಎಸೆಸಿ, ಹಗಲಿನಲ್ಲಿ ಗೆದ್ದ ಮೇಲೆ ರಾತ್ರಿ. ಹಗ್ಗ ಐದು ಮೀಟರಿನದು, ಎಸೆದದ್ದು ಬೀಳುವ ಜಾಗ ಅದಕ್ಕೆ ಎಟುಕದ ಹಾಗಿರಲಿ. ಬಿಸ್ಕತ್ತು, ಮೊಟ್ಟೆ, ಬನ್ನು, ಮಟನ್ ಬದಲಿಸುತ್ತಿರಿ. ಬಿಸ್ಕತ್ತು ಬಿಡಲು ಕಲಿತ ನಾಯಿ ಮಟನ್ ಬಿಡುತ್ತದೆ ಅಂದುಕೊಳ್ಳಬೇಡಿ.

ಇದನ್ನು ಹಾಳುಗೆಡವುವುದು ಊಟದ ಹೊತ್ತಿನ ಪ್ರೀತಿ. ಮಗು ದೋಸೆಯ ಚೂರನ್ನು ನೆಲಕ್ಕೆ ಹಾಕಿದರೆ ನೆಲದಿಂದ ತಿನ್ನಬಹುದು ಅನ್ನುವ ಪಾಠವಾಯಿತು. ಏನೇ ಕೊಟ್ಟರೂ ತಟ್ಟೆಯಲ್ಲಿ ಅಥವಾ ಕೈಯಿಂದ. ಇಷ್ಟಾದರೂ ಒಂಟಿಯಾಗಿ ಹಸಿದಿರುವ ನಾಯಿಯ ಮೇಲೆ ಪೂರ್ತಿ ಭರವಸೆ ಇಡಲಾಗದು. ರಾತ್ರಿ ಎಂಟರೊಳಗೆ ಹೊಟ್ಟೆ ತುಂಬಿಸಿ, ಬೆಳಗ್ಗೆ ಬಿಡುವ ಮುಂಚೆ ಅಂಗಳ ಸುತ್ತಿ ನೋಡಿ. ಜೊಲ್ಲು ಸುರಿಸಿ ನಡುಗುತ್ತಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದರಿಂದಲೇ ನಾಯಿ ಸಾಯಬಹುದು. ತಿಂದದ್ದರಲ್ಲಿ ಮಿಕ್ಕಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನೇರ ಪಶುವೈದ್ಯರ ಬಳಿಗೆ.

ಸರಪಳಿಯ ಮಾತು ಹೇಳಲೇಬೇಕು. ಹಗಲಿಡೀ ಕಟ್ಟಿದ ನಾಯಿ ರೇಗುತ್ತದೆ, ಕಾಯುವುದಿಲ್ಲ. ಚಿರತೆ ಓಡಾಡುವ ಕಡೆ ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಅದಕ್ಕೆ ಸುಲಭದ ಊಟ. ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು. ನಾಯಿ ಮಲಗಬೇಕಾದ್ದು ಮನೆಯೊಳಗೆ, ಬಾಗಿಲ ಹತ್ತಿರ. ಬೆಳಗ್ಗೆ ಸಂಜೆ ಬೇಲಿಯ ಗುಂಟ ಒಂದು ಸುತ್ತು ಹಗ್ಗದಲ್ಲಿ ನಡೆಸಿದರೆ ತನ್ನ ಗಡಿ ಎಲ್ಲಿಯವರೆಗೆ ಅಂತ ಅದೇ ತಿಳಿಯುತ್ತದೆ.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಎಚ್ಚರ. ನೆರೆಮನೆಯ ಮಕ್ಕಳು ಬಂದು ಕಿರುಚಾಡಿ ಎಳೆದಾಡುವ ಆಟ ನಾಯಿಗೆ ಜಗಳದ ಹಾಗೆ ಕಾಣುತ್ತದೆ. ಆ ಹೊತ್ತಿಗೆ ಅದು ಬೇರೆ ಕೋಣೆಯಲ್ಲಿರಲಿ. ನಾಯಿಯನ್ನು ಸಾಕಿದವರು ಅಜಾಗರೂಕತೆ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಕಲಿತದ್ದು ಬಳಸದಿದ್ದರೆ ಸವೆಯುತ್ತದೆ. ತಿಂಗಳಿಗೊಮ್ಮೆ ನಾಯಿಗೆ ಪರಿಚಯವಿಲ್ಲದ ಒಬ್ಬರನ್ನು ಕರೆಸಿ ರಾತ್ರಿ ಗೇಟು ತಟ್ಟಿಸಿ, ಗೋಡೆಯಾಚೆಯಿಂದ ಒಂದು ತುಂಡು ಮಟನ್ ಎಸೆಸಿ. ಆಗಲೂ ಉದ್ದ ಹಗ್ಗ ಕಾಲರಿನಲ್ಲೇ ಇರಲಿ.