ಪಗ್‌ಗೆ ಬೇಸಿಗೆಯ ಆಹಾರ: ಚೀಲದ ಮುಂಭಾಗ ಬಿಡಿ, ಹಿಂಭಾಗ ಓದಿ

ಬೇಸಿಗೆ ಬಂತೆಂದರೆ ಎಷ್ಟೋ ಮನೆಗಳಲ್ಲಿ ಪಗ್‌ಗೆ ಕೋಳಿ, ಮೊಟ್ಟೆ ಬಂದ್. 'ಉಷ್ಣ ಆಗುತ್ತೆ' ಎಂದು ಎರಡು ಹೊತ್ತೂ ಮೊಸರನ್ನ. ಪಗ್, ಶಿಹ್ ತ್ಸು, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಕಾವೇರುವುದು ಮೊಟ್ಟೆಯಿಂದಲ್ಲ. ನಾಯಿ ಮೈ ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಇವುಗಳ ಉಸಿರಿನ ದಾರಿಯೇ ಇಕ್ಕಟ್ಟು, ಬೊಜ್ಜು ಬಂದರೆ ಮತ್ತಷ್ಟು ಇಕ್ಕಟ್ಟು. ಪ್ರೋಟೀನ್ ಅರಗುವಾಗ ಕೊಬ್ಬಿಗಿಂತ ತುಸು ಹೆಚ್ಚು ಶಾಖ ಹುಟ್ಟುವುದು ನಿಜ. ಆದರೆ ಎರಡು ಕಿಲೋ ಹೆಚ್ಚುವರಿ ತೂಕದ ಮುಂದೆ ಅದು ಲೆಕ್ಕಕ್ಕಿಲ್ಲ. ನಿಮಗೆ ಬೇಕಾದದ್ದು ಪ್ರೋಟೀನ್ ಚೆನ್ನಾಗಿದ್ದು ಕೊಬ್ಬು ಕಡಿಮೆಯಿರುವ ಆಹಾರ. ಮೂತ್ರಪಿಂಡ ಅಥವಾ ಲಿವರ್ ತೊಂದರೆಯಿದ್ದರೆ ಮಾತ್ರ ಪಶುವೈದ್ಯರನ್ನು ಕೇಳದೆ ಏನನ್ನೂ ಬದಲಿಸಬೇಡಿ.

ಹಂತ 1: ಪಕ್ಕೆಯ ಮೇಲೆ ಹಗುರವಾಗಿ ಕೈಯಾಡಿಸಿ. ಎಲುಬು ಕೈಗೆ ಸಿಗದಿದ್ದರೆ ತೂಕ ಹೆಚ್ಚಾಗಿದೆ.

ಹಂತ 2: ಲೆಕ್ಕ ಹಾಕಿ. ಹೆಚ್ಚಿನವರು ಎಡವುವುದು ಇಲ್ಲೇ. 'ಹೈ ಪ್ರೋಟೀನ್' ಎಂಬ ದಪ್ಪಕ್ಷರ ನೋಡಿ ನಾಯಿ ಆಹಾರದ ಚೀಲ ಎತ್ತಿಕೊಂಡು ಬರುತ್ತಾರೆ. ಹಿಂಭಾಗದಲ್ಲಿ ಪ್ರೋಟೀನ್, ಕೊಬ್ಬು, ನಾರು, ತೇವಾಂಶದ ಶೇಕಡಾ ಇರುತ್ತದೆ. ಹಸಿ ಆಹಾರದ ಪೌಚ್‌ನ ಮೇಲೆ ಪ್ರೋಟೀನ್ ಶೇ 8 ಎಂದಿದ್ದರೆ ಮೂಗು ಮುರಿಯಬೇಡಿ. ಅದರಲ್ಲಿ ಶೇ 80 ನೀರು. ಉಳಿದ 20ರಲ್ಲಿ 8 ಎಂದರೆ ಒಣ ಲೆಕ್ಕದಲ್ಲಿ ಶೇ 40. ಶೇ 10 ತೇವಾಂಶದ ಒಣ ಕಾಳಿನಲ್ಲಿ (ಕಾಳಿನಂತಿರುವ ಒಣ ನಾಯಿ ಆಹಾರ) ಶೇ 24 ಪ್ರೋಟೀನ್ ಇದ್ದರೆ ಅದೇ ಲೆಕ್ಕದಲ್ಲಿ ಸುಮಾರು 27 ಅಷ್ಟೇ.

ಇಷ್ಟಕ್ಕೇ ನಿಲ್ಲಿಸಬೇಡಿ, ಕ್ಯಾಲರಿಯನ್ನೂ ನೋಡಿ. ಚೀಲದ ಮೇಲೆ ಬರೆದಿಲ್ಲವೇ? 100ರಿಂದ ಪ್ರೋಟೀನ್, ಕೊಬ್ಬು, ನಾರು, ತೇವಾಂಶ ಮತ್ತು ಬೂದಿ ಕಳೆಯಿರಿ (ಬೂದಿ ಎಂದರೆ ಖನಿಜಾಂಶ; ಎಷ್ಟೆಂದು ಕೊಡದಿದ್ದರೆ ಒಣ ಕಾಳಿಗೆ 7 ಹಿಡಿಯಿರಿ). ಉಳಿದದ್ದು ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿ. 100 ಗ್ರಾಂನ ಕಿಲೋಕ್ಯಾಲರಿ ಸಿಕ್ಕಿತು. ಪ್ರೋಟೀನ್ 24, ಕೊಬ್ಬು 10 ಇರುವ ಚೀಲ ಸುಮಾರು 330 ಕೊಡುತ್ತದೆ. ಪ್ರೋಟೀನ್ 30, ಕೊಬ್ಬು 20 ಇರುವುದು ಸುಮಾರು 380. ಪ್ರತಿ 1000 ಕಿಲೋಕ್ಯಾಲರಿಗೆ ಹೋಲಿಸಿದರೆ ಮೊದಲನೆಯದರಲ್ಲಿ 73 ಗ್ರಾಂ ಪ್ರೋಟೀನ್, 30 ಗ್ರಾಂ ಕೊಬ್ಬು. ಎರಡನೆಯದರಲ್ಲಿ 79 ಮತ್ತು 53. ಆರು ಗ್ರಾಂ ಪ್ರೋಟೀನ್‌ಗಾಗಿ ಇಪ್ಪತ್ತಮೂರು ಗ್ರಾಂ ಕೊಬ್ಬು ಹೊತ್ತು ತಂದಂತಾಯಿತು. ಮನೆಯೊಳಗಿನ ಪಗ್‌ಗೆ ಮೊದಲನೆಯದೇ ಸರಿ. ಬೆಳೆದ ನಾಯಿಗೂ ಪಪ್ಪಿ ಫುಡ್ಡೇ ಹಾಕುವ ಚಾಳಿಯನ್ನಂತೂ ಬಿಡಿ.

ಪದಾರ್ಥಗಳ ಪಟ್ಟಿಯಲ್ಲಿ 'ತಾಜಾ ಕೋಳಿ' ಮೊದಲಿದೆ ಎಂದು ಹಿಗ್ಗಬೇಡಿ. ಪಟ್ಟಿ ಇರುವುದು ಹಸಿ ತೂಕದ ಪ್ರಕಾರ, ಹಸಿ ಮಾಂಸದಲ್ಲಿ ಬಹುಪಾಲು ನೀರು. ಅಂಗಡಿಯಲ್ಲಿ ಡಬ್ಬದಿಂದ ಅಳೆದು ಕೊಡುವ ಲೂಸ್ ಕಾಳನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ: ಲೇಬಲ್ ಇಲ್ಲ, ತಾರೀಕಿಲ್ಲ, ಸೆಕೆಗೆ ಅದರ ಕೊಬ್ಬು ಕಮಟು ಹಿಡಿದಿರುತ್ತದೆ.

ಹಂತ 3: ಅಳತೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಹೆಚ್ಚು ಓಡಾಡದ 8 ಕಿಲೋ ಪಗ್‌ಗೆ ದಿನಕ್ಕೆ 400ರಿಂದ 450 ಕಿಲೋಕ್ಯಾಲರಿ ಸಾಕು. ಮೊದಲ ಚೀಲದ ಕಾಳಾದರೆ 120ರಿಂದ 135 ಗ್ರಾಂ. ಲೋಟದಲ್ಲಲ್ಲ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಬೇಯಿಸಿದ ಮೊಟ್ಟೆ ಒಂದು ಕೊಟ್ಟ ದಿನ ಕಾಳಿನಲ್ಲಿ 20 ಗ್ರಾಂ ಕಡಿಮೆ ಮಾಡಿ. ಚರ್ಮ ತೆಗೆದು ಬೇಯಿಸಿದ ಕೋಳಿಯ ಎದೆಮಾಂಸವೂ ಆಗುತ್ತದೆ, ಆದರೆ ಮನೆಯ ಸಾರಿನಿಂದ ಎತ್ತಿದ ತುಂಡು ಬೇಡ; ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ.

ಹಂತ 4: ಹಳೆಯದರ ಜೊತೆ ಬೆರೆಸುತ್ತ ಏಳು ದಿನಗಳಲ್ಲಿ ಹೊಸದಕ್ಕೆ ದಾಟಿಸಿ. ಅವಸರ ಮಾಡಿದರೆ ಭೇದಿ, ಸೆಕೆಯಲ್ಲಿ ಅದರಿಂದಲೇ ನಿರ್ಜಲೀಕರಣ.

ಹಂತ 5: ಬಿಸಿಲೇರುವ ಮುನ್ನ ಒಂದು ಊಟ, ಸಂಜೆ ತಂಪಾದ ಮೇಲೆ ಇನ್ನೊಂದು. ತಿಂದ ಕೂಡಲೇ ವಾಕಿಂಗ್ ಬೇಡ. ಕಾಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ ಕೊಟ್ಟರೆ ಹೊಟ್ಟೆಗೆ ನೀರೂ ಸೇರುತ್ತದೆ. ಇಟ್ಟ ಇಪ್ಪತ್ತು ನಿಮಿಷದಲ್ಲಿ ತಿನ್ನದಿದ್ದರೆ ಎತ್ತಿ ಚೆಲ್ಲಿ, ತಟ್ಟೆ ತೊಳೆದಿಡಿ. ನೆಂದ ಕಾಳು ಸೆಕೆಗೆ ಬೇಗ ಹುಳಿ ಬರುತ್ತದೆ.