ಗಾಳಿ ಎಲ್ಲಿಂದ, ರೈಲು ಎಲ್ಲಿಗೆ: ಬ್ರಿಟನ್ನಿಗೆ ಬಂದ ಹೊಸಬರಿಗೆ ದಿಕ್ಕಿನ ಮಾತು

ನಾರ್ತ್, ಸೌತ್, ಈಸ್ಟ್, ವೆಸ್ಟ್ ಎಂಬ ನಾಲ್ಕು ಪದಗಳನ್ನು ಇಲ್ಲಿಗೆ ಬರುವ ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ತೊಡಕಿರುವುದು ಆ ಪದಗಳಿಗೆ ಅಂಟಿಕೊಳ್ಳುವ ಬಾಲಗಳಲ್ಲಿ. ಲಂಡನ್ನಿನ ಸುರಂಗ ರೈಲಿನ ಫಲಕದಲ್ಲಿ ‘ನಾರ್ತ್‌ಬೌಂಡ್’ ಎಂದಿದ್ದರೆ ರೈಲು ಉತ್ತರಕ್ಕೆ ಹೋಗುತ್ತದೆ. ಹವಾಮಾನ ವರದಿಯಲ್ಲಿ ‘ನಾರ್ದರ್ಲಿ’ ಎಂದರೆ ಗಾಳಿ ಉತ್ತರದಿಂದ ಬರುತ್ತದೆ. (ಲಂಡನ್ನಿನ ನಾರ್ದರ್ನ್ ಲೈನ್ ಎಂಬ ಮಾರ್ಗದ ಹೆಸರನ್ನು ಮಾತ್ರ ನಂಬಬೇಡಿ, ಇಡೀ ಸುರಂಗ ರೈಲು ಜಾಲದ ದಕ್ಷಿಣದ ತುತ್ತತುದಿಯ ನಿಲ್ದಾಣವಾದ ಮಾರ್ಡನ್ ಇರುವುದು ಅದೇ ಮಾರ್ಗದಲ್ಲಿ.)

ಗಾಳಿಯನ್ನು ಅದು ಹುಟ್ಟಿಬರುವ ದಿಕ್ಕಿನಿಂದ ಕರೆಯುವುದು ನಮಗೆ ಹೊಸದೇನಲ್ಲ. ನೈಋತ್ಯ ಮಾರುತವೆಂದರೆ ನೈಋತ್ಯದಿಂದ ಬೀಸಿ ಮುಂಗಾರು ಮಳೆ ತರುವ ಗಾಳಿಯೆಂದು ಶಾಲೆಯಲ್ಲೇ ಓದಿದ್ದೇವೆ. ಬ್ರಿಟನ್ನಿನಲ್ಲಿ ಹೆಚ್ಚು ಕಾಲ ಬೀಸುವುದೂ ನೈಋತ್ಯದ ಗಾಳಿಯೇ; ಅಟ್ಲಾಂಟಿಕ್ ಸಾಗರವನ್ನು ದಾಟಿ ಬರುವ ಈ ‘ಸೌತ್‌ವೆಸ್ಟರ್ಲಿ’ ತೇವವನ್ನೂ ಹದವಾದ ಬಿಸುಪನ್ನೂ ತರುತ್ತದೆ. ಚಳಿಗಾಲದ ‘ಈಸ್ಟರ್ಲಿ’ಯ ಸ್ವಭಾವ ಬೇರೆ. 2018ರ ಫೆಬ್ರುವರಿ ಕೊನೆಯಲ್ಲಿ ಪೂರ್ವದಿಂದ ನುಗ್ಗಿ ದೇಶವನ್ನೆಲ್ಲ ಹಿಮದಲ್ಲಿ ಮುಚ್ಚಿದ ಶೀತಗಾಳಿಗೆ ಇಲ್ಲಿಯವರು ‘ಬೀಸ್ಟ್ ಫ್ರಮ್ ದಿ ಈಸ್ಟ್’ ಎಂದು ಹೆಸರಿಟ್ಟರು. ಆದರೆ ಒಂದು ಎಚ್ಚರಿಕೆ: ಯಾರಾದರೂ ‘ನಾರ್ದರ್ಲಿ ಡೈರೆಕ್ಷನ್’ನಲ್ಲಿ ನಡೆದರು ಎಂದರೆ ಅವರು ಹೋದದ್ದು ಉತ್ತರಕ್ಕೆ. ಪದ ಅದೇ, ಅರ್ಥ ತಿರುಗುಮುರುಗು. ಗಾಳಿಯ ಮಾತೋ ನಡಿಗೆಯ ಮಾತೋ ಎಂಬುದನ್ನು ನೋಡಿಕೊಂಡೇ ತೀರ್ಮಾನಿಸಬೇಕು.

ವರದಿಯಲ್ಲಿ ‘ವಿಯರಿಂಗ್’ ಎಂದರೆ ಗಾಳಿ ಗಡಿಯಾರದ ಮುಳ್ಳಿನಂತೆ ದಿಕ್ಕು ಬದಲಿಸುತ್ತಿದೆ, ‘ಬ್ಯಾಕಿಂಗ್’ ಎಂದರೆ ಅದಕ್ಕೆ ವಿರುದ್ಧವಾಗಿ. ‘ಗೇಲ್’ ಎಂಬುದನ್ನು ಬರಿಯ ಜೋರುಗಾಳಿಯೆಂದು ತಿಳಿಯಬಾರದು. ಗಾಳಿಯ ಬಿರುಸನ್ನು ಅಳೆಯುವ ಬೋಫರ್ಟ್ ಮಾಪನದ 8ನೆಯ ಮೆಟ್ಟಿಲಾದ ಅದರ ವೇಗ ಗಂಟೆಗೆ 39ರಿಂದ 46 ಮೈಲಿ.

ನಮ್ಮ ಮೂಲೆಗಳಿಗೆ ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯ ಎಂಬ ಸ್ವಂತ ಹೆಸರುಗಳಿವೆ, ಕಾಯುವ ದೇವತೆಗಳೂ ಇದ್ದಾರೆ. ಇಂಗ್ಲಿಷಿನಲ್ಲಿ ಎರಡು ದಿಕ್ಕುಗಳನ್ನು ಜೋಡಿಸುವುದಷ್ಟೇ, ಅದರಲ್ಲಿಯೂ ನಾರ್ತ್ ಅಥವಾ ಸೌತ್ ಯಾವಾಗಲೂ ಮೊದಲು. ‘ಈಸ್ಟ್‌ಸೌತ್’ ಎಂಬ ಪದವಿಲ್ಲ. ಸೌತ್ ಎಂಬುದರಿಂದ ಹುಟ್ಟಿದ ವಿಶೇಷಣದ ಉಚ್ಚಾರಣೆ ‘ಸದರ್ನ್’, ‘ಸೌದರ್ನ್’ ಅಲ್ಲ.

ಮನೆ ಹುಡುಕುವಾಗ ಈ ಪದಗಳು ನಿಜವಾಗಿ ಕೆಲಸಕ್ಕೆ ಬರುತ್ತವೆ. ನಾವು ಬಾಗಿಲಿನ ದಿಕ್ಕನ್ನು ಕೇಳುತ್ತೇವೆ, ಇಲ್ಲಿನ ದಲ್ಲಾಳಿಗಳು ಹಿತ್ತಲಿನ ದಿಕ್ಕನ್ನು ಹೇಳುತ್ತಾರೆ. ಇಷ್ಟು ಉತ್ತರದ ದೇಶದಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುವುದರಿಂದ ‘ಸೌತ್‌ಫೇಸಿಂಗ್ ಗಾರ್ಡನ್’ ಎಂಬುದು ಜಾಹೀರಾತಿನಲ್ಲಿ ದೊಡ್ಡ ಹೆಮ್ಮೆಯ ಮಾತು, ಮತ್ತು ಅಂಥ ಮನೆಯ ಮುಂಬಾಗಿಲು ಸಾಮಾನ್ಯವಾಗಿ ಉತ್ತರಕ್ಕಿರುತ್ತದೆ. ಪೂರ್ವದ ಬಾಗಿಲೇ ಬೇಕೆನ್ನುವವರು ‘ವೆಸ್ಟ್‌ಫೇಸಿಂಗ್ ಗಾರ್ಡನ್’ ಇರುವ ಮನೆಗಳನ್ನು ಮೊದಲು ನೋಡಿಬರಲಿ.