ಗ್ರೀಕ್ ಮಡಕೆಯ ಮೇಲಿರೋದು ಯಾರು? ಗುರುತು ಹಿಡಿಯೋದು ಹೀಗೆ

ಮುಖ ನೋಡಬೇಡಿ. ಎಲ್ಲರದ್ದೂ ಒಂದೇ ಥರ ಇರುತ್ತದೆ. ಕೈಯಲ್ಲಿ ಏನಿದೆ, ಮೈಮೇಲೆ ಏನಿದೆ ನೋಡಿ. ನಮ್ಮಲ್ಲಿ ಕೊಳಲು ಕಂಡರೆ ಕೃಷ್ಣ ಅಂತೀವಲ್ವಾ, ಹಾಗೇ ಇದು. ಸಿಂಹದ ಚರ್ಮ ಹೊದ್ದು ಗದೆ ಹಿಡಿದವನು ಮಹಾಬಲಶಾಲಿ ವೀರ ಹೆರಾಕ್ಲೀಸ್, ತ್ರಿಶೂಲ ಇದ್ದರೆ ಪೊಸೈಡನ್ (ಶಿವ ಅಂದುಕೊಳ್ಳಬೇಡಿ, ಇವನು ಸಮುದ್ರದ ದೇವರು), ರೆಕ್ಕೆಯ ಬೂಟು ಹಾಕಿದವನು ದೇವತೆಗಳ ದೂತ ಹರ್ಮಿಸ್. ಶಿರಸ್ತ್ರಾಣ, ಈಟಿ, ಜೊತೆಗೆ ಅಂಚಿನಲ್ಲಿ ಹಾವುಗಳಿರುವ ಮೇಲುಹೊದಿಕೆ ಕಂಡರೆ ಯುದ್ಧ ಮತ್ತು ಜ್ಞಾನದ ದೇವತೆ ಅಥೀನಾ.

ಆಮೇಲೆ ಬಣ್ಣ. ಕೆಂಪು ಮಣ್ಣಿನ ಮೇಲೆ ಕಪ್ಪು ಆಕೃತಿಗಳಿದ್ದರೆ ಅದು ಹಳೆಯ ಶೈಲಿ, ಅದರಲ್ಲಿ ಹೆಂಗಸರ ಮೈಗೆ ಸಾಮಾನ್ಯವಾಗಿ ಬಿಳಿ ಬಳಿಯುತ್ತಿದ್ದರು. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಆಕೃತಿ ಬಂದದ್ದು ಸುಮಾರು ಕ್ರಿ.ಪೂ. 530ರ ಹೊತ್ತಿಗೆ, ಅಥೆನ್ಸ್‌ನಲ್ಲಿ.

ಪಕ್ಕದ ಅಕ್ಷರಗಳನ್ನು ಮಾತ್ರ ಬಿಡಲೇಬೇಡಿ. ವ್ಯಾಟಿಕನ್ ಮ್ಯೂಸಿಯಂನಲ್ಲಿ ಎಕ್ಸೇಕಿಯಸ್ ಅನ್ನೋ ಪ್ರಾಚೀನ ಅಥೆನ್ಸ್‌ನ ಕುಂಬಾರ, ಚಿತ್ರಕಾರ ಮಾಡಿದ ಎರಡು ಹಿಡಿಯ ಜಾಡಿ ಇದೆ, ನನಗಂತೂ ಅದನ್ನು ಎಷ್ಟು ನೋಡಿದರೂ ಸಾಲದು. ಟ್ರಾಯ್ ಯುದ್ಧದ ಇಬ್ಬರು ವೀರರು, ಅಖಿಲೀಸ್ ಮತ್ತು ಅಜಾಕ್ಸ್, ಈಟಿ ಕೆಳಗಿಡದೇ ಬಗ್ಗಿ ಕೂತು ಪಗಡೆಯಂಥ ಆಟ ಆಡುತ್ತಿದ್ದಾರೆ, ಅವರ ಮೇಲಂಗಿಯ ಕಸೂತಿಯನ್ನು ಚೂಪಾದ ಮೊನೆಯಿಂದ ಕೂದಲೆಳೆಯಷ್ಟು ತೆಳ್ಳಗೆ ಗೀರಿದ್ದಾನೆ ಪುಣ್ಯಾತ್ಮ. ಅಖಿಲೀಸನ ಬಾಯಿಂದ 'ನಾಲ್ಕು' ಅನ್ನೋ ಪದ ಹೊರಟಿದೆ, ಅಜಾಕ್ಸ್ ಬಾಯಿಂದ 'ಮೂರು'. ಅಂದರೆ ಗೆಲ್ಲುತ್ತಿರೋದು ಅಖಿಲೀಸ್!

ಒಂದೇ ಕಡೆ ನೋಡಿ ಹೊರಡಬೇಡಿ, ಹಿಂದೆ ಬೇರೆಯೇ ಕತೆ ಇರುತ್ತದೆ.